ಆಗದೇ ಹೋದದ್ದಕ್ಕೆ ಎಷ್ಟು ಅಂಕ?

ಬೇಸ್‌ಬಾಲ್ ಅಂದ ತಕ್ಷಣ ನಮ್ಮವರ ಕಣ್ಣ ಮುಂದೆ ಬರೋದು ಒಂದೇ ಚಿತ್ರ. ದಢೂತಿ ಆಳೊಬ್ಬ ಬ್ಯಾಟ್ ಬೀಸ್ತಾನೆ, ಚೆಂಡು ಗ್ಯಾಲರಿಗೆ ಹೋಗಿ ಬೀಳುತ್ತೆ, ಮೇಲೆ ಪಟಾಕಿ. ನಾನು ಆ ಆಟ ನೋಡೋದು ಅದಕ್ಕಲ್ಲ. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ಮೊಣಕಾಲು ಬಗ್ಗಿಸಿ ನಿಂತಿರ್ತಾನಲ್ಲ ಒಬ್ಬ, ಶಾರ್ಟ್‌ಸ್ಟಾಪ್, ಅವನಿಗೋಸ್ಕರ.

ನಾನಿರೋದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ. ಪಕ್ಕದ ಮಾರಿಸ್‌ವಿಲ್‌ನಲ್ಲಿ ನಮ್ಮ ಜನಕ್ಕೂ ಬರವಿಲ್ಲ, ಕ್ರಿಕೆಟ್‌ಗೂ ಬರವಿಲ್ಲ. 2023ರಲ್ಲಿ ಇಲ್ಲಿನ ಮೇಜರ್ ಲೀಗ್ ಕ್ರಿಕೆಟ್ ಶುರುವಾದಾಗ ಅಲ್ಲಿನ ಚರ್ಚ್ ಸ್ಟ್ರೀಟ್ ಪಾರ್ಕ್‌ನಲ್ಲೂ ಪಂದ್ಯ ನಡೆದವು. ಆದರೂ ಬೇಸಿಗೆಯ ಸಂಜೆ ಬಂತೆಂದರೆ ನನ್ನ ಕಾರು ಡರ್ಹಮ್ ಕಡೆಗೇ ತಿರುಗುತ್ತೆ. ಅಲ್ಲಿ ಡರ್ಹಮ್ ಬುಲ್ಸ್ ಅಂತ ಒಂದು ತಂಡ. ಫ್ಲಾರಿಡಾದ ಟ್ಯಾಂಪಾ ಬೇ ರೇಸ್ ಎಂಬ ದೊಡ್ಡ ತಂಡಕ್ಕೆ ಇದು ಕೊನೆಯ ಮೆಟ್ಟಿಲು. ಇಲ್ಲಿ ಆಡುವ ಹುಡುಗರಲ್ಲಿ ಹಲವರು 'ಪ್ರಾಸ್ಪೆಕ್ಟ್'ಗಳು. ಅಂದರೆ ಮುಂದೆ ದೊಡ್ಡವರಾಗಬಹುದು ಅಂತ ಯಾರೋ ನಂಬಿರುವವರು. ಆಗಬಹುದು, ಆಗದೆಯೂ ಇರಬಹುದು.

ಮೊದಲು ಆಟದ ಲೆಕ್ಕ ಸ್ವಲ್ಪ ಹೇಳಿಬಿಡ್ತೀನಿ, ಬೇಜಾರು ಮಾಡ್ಕೋಬೇಡಿ.

ಬೇಸ್‌ಬಾಲ್ ಮೈದಾನದ ಒಳಭಾಗ ಒಂದು ಚೌಕ. ಬೇಸ್‌ನಿಂದ ಬೇಸ್‌ಗೆ 90 ಅಡಿ. ಬ್ಯಾಟರ್ ಚೆಂಡನ್ನು ನೆಲಕ್ಕೆ ಹೊಡೆದು ಓಡೋಕೆ ಶುರು ಮಾಡಿದರೆ ಮೊದಲ ಬೇಸ್ ಮುಟ್ಟೋಕೆ ಸುಮಾರು ನಾಲ್ಕು ಸೆಕೆಂಡ್, ಸ್ವಲ್ಪ ಹೆಚ್ಚು ಕಡಿಮೆ. ಅಷ್ಟರೊಳಗೆ ಶಾರ್ಟ್‌ಸ್ಟಾಪ್ ಚೆಂಡು ಬರುವ ದಿಕ್ಕು ಗ್ರಹಿಸಬೇಕು, ಓಡಬೇಕು, ಹಿಡಿಯಬೇಕು, ಗ್ಲೌಸ್‌ನಿಂದ ತೆಗೆದು ಸುಮಾರು ನೂರಿಪ್ಪತ್ತು ಅಡಿ ಎಸೆಯಬೇಕು. ಚೆಂಡು ಓಟಗಾರನಿಗಿಂತ ಅರ್ಧ ಹೆಜ್ಜೆ ಮುಂಚೆ ಮೊದಲ ಬೇಸ್‌ನವನ ಕೈ ಸೇರಬೇಕು. ಇನ್‌ಫೀಲ್ಡ್‌ನವರ ಗ್ಲೌಸ್ ಹೊರಗಿನ ಫೀಲ್ಡರ್‌ಗಳ ಗ್ಲೌಸ್‌ಗಿಂತ ಚಿಕ್ಕದಿರೋದೂ ಇದಕ್ಕೇ. ಚೆಂಡು ಒಳಗೆ ಕಳೆದುಹೋಗಬಾರದು, ಕೈ ಹಾಕಿದ ತಕ್ಷಣ ಸಿಗಬೇಕು.

ನಾಲ್ಕು ಸೆಕೆಂಡ್. ನಮ್ಮ ಆಫೀಸ್‌ನಲ್ಲಿ ಕೆಲವು ಪೇಜ್ ಲೋಡ್ ಆಗೋಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಕಳೆದ ಬೇಸಿಗೆ ಅಪ್ಪ ಬಂದಿದ್ದರು. ಅಪ್ಪ ಪ್ರಾಯದಲ್ಲಿ ಅರಸೀಕೆರೆಯಲ್ಲಿ ವಿಕೆಟ್ ಕೀಪರ್. ಮ್ಯಾಟ್ ಮೇಲಿನ ಟೂರ್ನಮೆಂಟು, ಹೊಲಿಗೆ ಬಿಟ್ಟ ಗ್ಲೌಸು, ಬೆರಳು ಇವತ್ತಿಗೂ ಸೊಟ್ಟ. ಅವರನ್ನೂ ಕರೆದುಕೊಂಡು ಹೋದೆ. ಮೊದಲ ಹದಿನೈದು ನಿಮಿಷ ಪಾಪ್‌ಕಾರ್ನ್ ತಿನ್ನುತ್ತಾ ಸುಮ್ಮನಿದ್ದರು. ಆಮೇಲೆ ಸ್ಕೋರ್‌ಬೋರ್ಡ್ ಕಡೆ ಬೆರಳು ತೋರಿಸಿ, “ಆ ಮೂರು ಕಾಲಮ್ ಏನಮ್ಮಾ?” ಅಂದರು.

“ಆರ್ ಅಂದ್ರೆ ರನ್, ಎಚ್ ಅಂದ್ರೆ ಹಿಟ್, ಇ ಅಂದ್ರೆ ಎರರ್.”

“ಎರರ್ ಅಂದ್ರೆ ಬಿಟ್ಟ ಕ್ಯಾಚಾ?”

“ಬಿಟ್ಟ ಕ್ಯಾಚು, ತಪ್ಪು ಎಸೆತ, ಎಲ್ಲಾ.”

“ಅದನ್ನೂ ಬೋರ್ಡ್ ಮೇಲೆ ಬರೀತಾರಾ? ಊರಿಗೆಲ್ಲ ಕಾಣೋ ಹಾಗೆ?” ಅಪ್ಪನಿಗೆ ನಿಜಕ್ಕೂ ನೋವಾದ ಹಾಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ಸರಿ. ಉಳಿಸಿದ್ದನ್ನ ಎಲ್ಲಿ ಬರೀತಾರೆ?”

ಆ ಪ್ರಶ್ನೆ ನನ್ನ ತಲೆಯಲ್ಲಿ ಇನ್ನೂ ಓಡ್ತಾ ಇದೆ.

ಯಾಕಂದ್ರೆ ನನ್ನ ಕೆಲಸವೂ ಅದೇ. ನಾನು ಸಾಫ್ಟ್‌ವೇರ್ ಎಂಜಿನಿಯರ್ ನಿಜ, ಆದರೆ ಹೊಸ ಹೊಸ ಫೀಚರ್ ಮಾಡುವವಳಲ್ಲ. ಸರ್ವರ್‌ಗಳು ಬೀಳದ ಹಾಗೆ ನೋಡ್ಕೊಳ್ಳೋ ತಂಡದವಳು. ರಾತ್ರಿ ಫೋನ್ ಕೂಗದಿದ್ದರೆ ಕೆಲಸ ಚೆನ್ನಾಗಿ ಆಗಿದೆ ಅಂತ ಅರ್ಥ. ಕೂಗಿದರೆ ಹತ್ತು ಜನ ಮೀಟಿಂಗ್‌ಗೆ ಬರ್ತಾರೆ. ಕೂಗದಿದ್ದರೆ? ಯಾರೂ ಬಂದು “ನಿನ್ನೆ ರಾತ್ರಿ ಏನೂ ಆಗಲಿಲ್ಲ, ಥ್ಯಾಂಕ್ಸ್” ಅನ್ನಲ್ಲ.

ಬೇಸ್‌ಬಾಲ್‌ನವರು ಈ ತಲೆನೋವನ್ನು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹೊತ್ತುಕೊಂಡಿದ್ದಾರೆ. ಎರರ್ ಅನ್ನೋ ಲೆಕ್ಕದಲ್ಲಿ ಒಂದು ತಮಾಷೆ ಇದೆ. ಸಾಧಾರಣ ಪ್ರಯತ್ನದಿಂದ ಸಿಗಬೇಕಾದ ಚೆಂಡನ್ನು ಬಿಟ್ಟರೆ ಮಾತ್ರ ಎರರ್. ಚೆಂಡಿನ ಹತ್ತಿರಕ್ಕೇ ಹೋಗಲಾಗದ ನಿಧಾನಿಗೆ ಎರರ್ ಇಲ್ಲ! ಅದು ಹಿಟ್ ಅಂತ ಬರೆದುಕೊಳ್ಳುತ್ತೆ, ಹೊರೆ ಬೌಲ್ ಮಾಡುವ ಪಿಚರ್ ತಲೆಗೆ. ಎಡಕ್ಕೆ ನಾಲ್ಕು ಹೆಜ್ಜೆ ಹಾರಿ, ಬಿದ್ದು, ಚೆಂಡಿಗೆ ಬೆರಳು ತಾಗಿಸಿ, ಎದ್ದು ಅವಸರದಲ್ಲಿ ಎಸೆದು ಗುರಿ ತಪ್ಪಿದವನಿಗೆ ಒಮ್ಮೊಮ್ಮೆ ಎರರ್. ಓಡಿದವನು ತಪ್ಪಿತಸ್ಥ, ನಿಂತವನು ಶುದ್ಧ. ಯಾವ ಆಫೀಸ್ ನೆನಪಾಯ್ತು ನಿಮಗೆ?

ಡೆರೆಕ್ ಜೀಟರ್ ಕಥೆ ಇದಕ್ಕೆ ಎರಡೂ ಕಡೆಯಿಂದ ಉದಾಹರಣೆ. 1992ರ ಡ್ರಾಫ್ಟ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಅವನನ್ನು ಆರನೆಯವನಾಗಿ ಆರಿಸಿಕೊಂಡರು. ಮರುವರ್ಷ, 19ರ ಹುಡುಗ, ಕೆಳಗಿನ ಲೀಗ್‌ನಲ್ಲಿ ಗ್ರೀನ್ಸ್‌ಬರೋ ತಂಡಕ್ಕೆ ಆಡಿದ. ಗ್ರೀನ್ಸ್‌ಬರೋ ನಮ್ಮ ಮನೆಯಿಂದ ಒಂದು ಗಂಟೆಯ ದಾರಿ. ಆ ವರ್ಷ 126 ಪಂದ್ಯಗಳಲ್ಲಿ ಅವನು ಮಾಡಿದ ಎರರ್ 56. ಎರಡು ಪಂದ್ಯಕ್ಕೆ ಒಂದರಂತೆ! ಯಾವ ಅಪ್ರೈಸಲ್‌ನಲ್ಲೂ ಪಾಸಾಗದ ಸಂಖ್ಯೆ. “ಶಾರ್ಟ್‌ಸ್ಟಾಪ್ ನಿನ್ನ ಕೈಲಾಗಲ್ಲ, ಹೊರಗಡೆ ನಿಂತ್ಕೋ” ಅಂದುಬಿಡಬಹುದಿತ್ತು. ಯಾಂಕೀಸ್ ಅವನನ್ನು ಅಲ್ಲೇ ಉಳಿಸಿಕೊಂಡರು. 1996ರಲ್ಲಿ ಅವನು ವರ್ಷದ ಹೊಸ ಆಟಗಾರ. ಕೊನೆಗೆ 3,465 ಹಿಟ್, 2020ರಲ್ಲಿ ಹಾಲ್ ಆಫ್ ಫೇಮ್, 397 ಮತಗಳಲ್ಲಿ 396.

ಇದು ಒಂದು ಕಡೆ. ಇನ್ನೊಂದು ಕಡೆ ಕೇಳಿ. ಅದೇ ಜೀಟರ್‌ಗೆ ಆಮೇಲೆ ಅತ್ಯುತ್ತಮ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲೌವ್ ಐದು ಸಲ ಬಂತು. ಕೈಗೆ ಸಿಕ್ಕ ಚೆಂಡನ್ನು ಅವನು ಬಿಡುತ್ತಿರಲಿಲ್ಲ, ಹಿಂದಕ್ಕೆ ಹಾರಿ ಎಸೆಯೋದು ನೋಡೋಕೂ ಚೆಂದ. ಆದರೆ ಎಷ್ಟು ಚೆಂಡಿನ ಹತ್ತಿರ ತಲುಪಿದ ಅಂತ ಲೆಕ್ಕ ಹಾಕಿದವರ ಪಟ್ಟಿಗಳಲ್ಲಿ ಅವನು ತಳದಲ್ಲಿದ್ದ. ಎರರ್ ಕಡಿಮೆ, ವ್ಯಾಪ್ತಿಯೂ ಕಡಿಮೆ. ಕಣ್ಣಿಗೆ ಕಂಡದ್ದಕ್ಕೆ ಪ್ರಶಸ್ತಿ ಬಂತು, ಪಕ್ಕದಲ್ಲಿ ಉರುಳಿ ಹೋದದ್ದನ್ನು ಯಾರೂ ನೋಡಲಿಲ್ಲ.

ಈಗ ಪರಿಸ್ಥಿತಿ ಬದಲಾಗಿದೆ. ಮೇಜರ್ ಲೀಗ್‌ನ ಮೈದಾನಗಳಲ್ಲಿ ಕ್ಯಾಮೆರಾಗಳಿವೆ. ನಮಗೆ ಎಲ್‌ಬಿಡಬ್ಲ್ಯು ತೋರಿಸೋ ಹಾಕ್-ಐ ಇದೆಯಲ್ಲ, 2020ರಿಂದ ಅಲ್ಲೂ ಅದೇ. ಫೀಲ್ಡರ್ ಎಷ್ಟು ದೂರ ಓಡಬೇಕಿತ್ತು, ಎಷ್ಟು ಸಮಯ ಇತ್ತು, ಎಸೆಯಬೇಕಾದ ದೂರ ಎಷ್ಟು, ಓಟಗಾರ ಎಷ್ಟು ವೇಗಿ, ಎಲ್ಲ ಸೇರಿಸಿ ಈ ಚೆಂಡು ಔಟ್ ಆಗುವ ಸಾಧ್ಯತೆ ಎಷ್ಟಿತ್ತು ಅಂತ ಲೆಕ್ಕ ಹಾಕ್ತಾರೆ. ನೂರಕ್ಕೆ ಇಪ್ಪತ್ತರಷ್ಟು ಮಾತ್ರ ಸಾಧ್ಯತೆ ಇದ್ದ ಚೆಂಡನ್ನು ಔಟ್ ಮಾಡಿದರೆ ಹೆಚ್ಚು ಅಂಕ. ಸುಲಭದ್ದನ್ನು ಬಿಟ್ಟರೆ ಹೆಚ್ಚು ಕಡಿತ. ಅಪ್ಪನ ಪ್ರಶ್ನೆಗೆ ಉತ್ತರ ಇದೇ: ಉಳಿಸಿದ್ದನ್ನು ಈಗ ಬರೀತಾರೆ. ಸ್ಕೋರ್‌ಬೋರ್ಡ್ ಮೇಲಲ್ಲ, ಆದರೂ ಬರೀತಾರೆ.

2023ರಲ್ಲಿ ಇನ್ನೊಂದು ನಿಯಮ ಬಂತು. ಅದಕ್ಕೂ ಮುಂಚೆ ತಂಡಗಳು ಡೇಟಾ ನೋಡಿ, ಈ ಬ್ಯಾಟರ್ ಯಾವಾಗಲೂ ಬಲಕ್ಕೇ ಹೊಡೆಯೋದು ಅಂತ ಗೊತ್ತಾದರೆ, ಮೂವರು ಇನ್‌ಫೀಲ್ಡರ್‌ಗಳನ್ನು ಒಂದೇ ಬದಿಗೆ ನಿಲ್ಲಿಸ್ತಿದ್ದರು. ಚೆಂಡು ನೇರ ಕೈಗೇ ಬರ್ತಿತ್ತು. ಈಗ ಎರಡನೇ ಬೇಸ್‌ನ ಆಚೆ ಇಬ್ಬರು, ಈಚೆ ಇಬ್ಬರು ಇರಲೇಬೇಕು. ಎಲ್ಲಿ ನಿಲ್ಲಬೇಕು ಅಂತ ಕಂಪ್ಯೂಟರ್ ಹೇಳಿಕೊಟ್ಟಾಗ ನಿಧಾನ ಕಾಲಿನವರೂ ನಿಭಾಯಿಸಿಬಿಡ್ತಿದ್ದರು. ಆ ಊರುಗೋಲು ತೆಗೆದ ಮೇಲೆ ಯಾರ ಕಾಲಲ್ಲಿ ಬಲ ಇದೆ ಅನ್ನೋದು ಕಾಣ್ತಾ ಇದೆ. ಟೂಲ್ ಇದ್ದಾಗ ಎಲ್ಲರೂ ಬುದ್ಧಿವಂತರೇ ಬಿಡಿ. ಇದನ್ನು ನಾನು ಯಾಕೆ ಹೇಳ್ತಿದ್ದೀನಿ ಅಂತ ಈ ಕಾಲದಲ್ಲಿ ಕೋಡ್ ಬರೆಯುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಪ್ರಾಸ್ಪೆಕ್ಟ್‌ಗಳ ವಿಷಯಕ್ಕೆ ಬರೋಣ.

ಪ್ರತಿ ವರ್ಷ ಡ್ರಾಫ್ಟ್‌ನಲ್ಲಿ 20 ಸುತ್ತು. ಮೂವತ್ತು ತಂಡಗಳು ಆರುನೂರರಷ್ಟು ಹುಡುಗರನ್ನು ಆರಿಸ್ತವೆ. ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ ಕಡೆಯಿಂದ ಹದಿನಾರರ ಪ್ರಾಯಕ್ಕೇ ಸಹಿ ಹಾಕಿ ಬರುವವರು ಬೇರೆ. ಮೇಲೆ ಇರುವ ಜಾಗ? ತಂಡಕ್ಕೆ 26, ಒಟ್ಟು 780. ನಡುವೆ ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ ಅಂತ ನಾಲ್ಕು ಮೆಟ್ಟಿಲು. ನಮ್ಮ ಎಸ್‌ಡಿಇ-1, ಎಸ್‌ಡಿಇ-2 ಥರ, ಆದರೆ ಇಲ್ಲಿ ಹೆಚ್ಚಿನವರು ಮೇಲೆ ಹೋಗೋದೇ ಇಲ್ಲ. 2023ರಲ್ಲಿ ಹೊಸ ಒಪ್ಪಂದ ಆದ ಮೇಲೆ ಟ್ರಿಪಲ್-ಎ ಆಟಗಾರನ ಕನಿಷ್ಠ ಸಂಬಳ ವರ್ಷಕ್ಕೆ 35,800 ಡಾಲರ್. ಅದೇ ವರ್ಷ ಮೇಜರ್ ಲೀಗ್‌ನ ಕನಿಷ್ಠ 7,20,000 ಡಾಲರ್. ಇಪ್ಪತ್ತು ಪಟ್ಟು. ಡರ್ಹಮ್‌ನಿಂದ ಮೇಲಕ್ಕೆ ಬರುವ ಒಂದು ಫೋನ್ ಕರೆಯ ಬೆಲೆ ಅದು.

ಈ ಹುಡುಗರನ್ನು ಅಳೆಯೋಕೆ ಸ್ಕೌಟ್‌ಗಳ ಹತ್ತಿರ 20ರಿಂದ 80ರವರೆಗಿನ ಒಂದು ಅಳತೆಗೋಲಿದೆ. 50 ಅಂದರೆ ಮೇಜರ್ ಲೀಗ್‌ನ ಸರಾಸರಿ. ಚೆಂಡು ತಾಗಿಸೋದು, ಬಲವಾಗಿ ಹೊಡೆಯೋದು, ಓಡೋದು, ಹಿಡಿಯೋದು, ಎಸೆಯೋದು, ಐದಕ್ಕೂ ಬೇರೆ ಬೇರೆ ಅಂಕ. ಕಾಗದದ ಮೇಲೆ ಐದೂ ಸಮಾನ. ವಾಸ್ತವದಲ್ಲಿ ಮೊದಲ ಎರಡಕ್ಕೇ ಹೆಚ್ಚು ದುಡ್ಡು.

ನಮ್ಮ ದೇಶದವರನ್ನು ಈ ಆಟಕ್ಕೆ ಹುಡುಕಿದ್ದೂ ಹೀಗೆ ಒಂದೇ ಗುಣ ಹಿಡಿದು. 2008ರಲ್ಲಿ 'ಮಿಲಿಯನ್ ಡಾಲರ್ ಆರ್ಮ್' ಅಂತ ಸ್ಪರ್ಧೆ ನಡೆಸಿ, ಉತ್ತರಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಅನ್ನೋ ಇಬ್ಬರು ಜಾವೆಲಿನ್ ಹುಡುಗರು ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಸಹಿ ಹಾಕಿದರು. ಎಸೆತದ ವೇಗ ನೋಡಿ ಆರಿಸಿದರು. ಹಿಡಿಯುವ ಕೈ ಹುಡುಕಿಕೊಂಡು ಯಾರೂ ಬರಲಿಲ್ಲ. ಬಂದಿದ್ದರೆ ಒಂದು ಊರಿನ ಸ್ಲಿಪ್ ಫೀಲ್ಡರ್‌ಗಳ ಸಾಲೇ ಸಿಗ್ತಿತ್ತು. 210 ಟೆಸ್ಟ್ ಕ್ಯಾಚ್ ಹಿಡಿದ ದ್ರಾವಿಡ್ ಬೆಳೆದ ಊರು ನಮ್ಮದು.

ಹಿಡಿಯೋದರಲ್ಲಿ ಗಟ್ಟಿ, ಹೊಡೆಯೋದರಲ್ಲಿ ಪೊಳ್ಳು. ಇಂಥ ಶಾರ್ಟ್‌ಸ್ಟಾಪ್‌ಗಳು ಡರ್ಹಮ್‌ಗೆ ಆಗಾಗ ಬರ್ತಾರೆ. ನನ್ನ ಮಟ್ಟಿಗೆ ಟೇಲರ್ ವಾಲ್ಸ್ ಅವರಲ್ಲಿ ಮುಖ್ಯ. 2021ರ ಮೇ ತಿಂಗಳಲ್ಲಿ ರೇಸ್ ತಂಡ ತನ್ನ ಶಾರ್ಟ್‌ಸ್ಟಾಪ್ ವಿಲ್ಲಿ ಅಡಾಮೆಸ್‌ನನ್ನು ಮಿಲ್ವಾಕಿಗೆ ಕೊಟ್ಟು, ಮಾರನೇ ದಿನವೇ ವಾಲ್ಸ್‌ನನ್ನು ಡರ್ಹಮ್‌ನಿಂದ ಕರೆಸಿಕೊಂಡಿತು. ಅವನ ಕಾಲು, ಕೈ, ಎಸೆತ, ಎಲ್ಲ ನೀರು ಹರಿದ ಹಾಗೆ. ಬ್ಯಾಟ್? 2022ರಲ್ಲಿ ಅವನ ಸರಾಸರಿ .172. ಆ ವರ್ಷ ಇಡೀ ಮೇಜರ್ ಲೀಗ್‌ನ ಸರಾಸರಿ .243. ಬೇರೆ ಯಾವನೇ ಆಗಿದ್ದರೂ ಮನೆಗೆ ಹೋಗಿರ್ತಿದ್ದ. ಅವನನ್ನು ಅಷ್ಟು ಪಂದ್ಯ ಆಡಿಸಿದ್ದು ಬರೀ ಗ್ಲೌಸ್ ನೋಡಿ.

ಇಲ್ಲಿ ನಾನು ಗ್ಲೌಸ್ ಪಕ್ಷದವಳು ಅಂತ ಕಣ್ಣು ಮುಚ್ಚಿಕೊಳ್ಳೋಕಾಗಲ್ಲ. ಉಳಿಸಿದ ಒಂದು ರನ್ನಿಗೂ ಗಳಿಸಿದ ಒಂದು ರನ್ನಿಗೂ ಬೆಲೆ ಒಂದೇ, ನಿಜ. ಆದರೆ .172 ಅಂದರೆ ದಿನಕ್ಕೆ ನಾಲ್ಕು ಸಲ ಬ್ಯಾಟ್ ಹಿಡಿದು ಬಂದು ಬಹುತೇಕ ನಾಲ್ಕು ಸಲವೂ ತಂಡದ ಅವಕಾಶ ಕಳೆಯೋದು. ಅದನ್ನು ತೂಗಿಸೋಕೆ ಎಷ್ಟು ಹಾರಿ ಹಿಡಿದರೂ ಕಷ್ಟ. ಸೇಂಟ್ ಲೂಯಿಸ್‌ನ ಆಜೀ ಸ್ಮಿತ್ ಇದಕ್ಕೆ ದಾರಿ ತೋರಿಸಿದವನು. ಸತತ 13 ಗೋಲ್ಡ್ ಗ್ಲೌವ್. ಇಡೀ ವೃತ್ತಿಜೀವನದಲ್ಲಿ ಹೋಮ್ ರನ್ ಬರೀ 28. 1979ರಲ್ಲಿ ಅವನ ಸರಾಸರಿ .211. ಹೋಮ್ ರನ್ ಹೊಡೆಯೋನಾಗಲು ಅವನು ಹೋಗಲಿಲ್ಲ, ಆದರೆ ಬ್ಯಾಟಿಂಗ್ ಕಲಿಯೋದನ್ನು ಬಿಡಲೂ ಇಲ್ಲ. 1987ರಲ್ಲಿ .303. ಎಂಟು ವರ್ಷ ಹಿಡಿಯಿತು. 2002ರಲ್ಲಿ ಹಾಲ್ ಆಫ್ ಫೇಮ್.

ಕಳೆದ ವರ್ಷ ಡರ್ಹಮ್‌ನಲ್ಲಿ ಅಪ್ಪನೂ ನಾನೂ ನೋಡಿದ್ದು ಕಾರ್ಸನ್ ವಿಲಿಯಮ್ಸ್‌ನನ್ನು. 2021ರ ಡ್ರಾಫ್ಟ್‌ನ ಮೊದಲ ಸುತ್ತಿನ ಹುಡುಗ, ಶಾರ್ಟ್‌ಸ್ಟಾಪ್. ಅವನ ಬ್ಯಾಟ್‌ನಲ್ಲಿ ಬಲವಿದೆ, ಹೋಮ್ ರನ್ ಬರ್ತವೆ. ಆದರೆ ಸ್ಟ್ರೈಕ್‌ಔಟೂ ಅಷ್ಟೇ ಧಾರಾಳ. ಅವತ್ತು ಬ್ಯಾಟ್ ಬೀಸಿ ಗಾಳಿಗೆ ಹೊಡೆದು ವಾಪಸ್ ಹೋದಾಗ ಪಕ್ಕದ ಸಾಲಿನವರು ನಿಟ್ಟುಸಿರು ಬಿಟ್ಟರು. ಅಪ್ಪ ಮಾತ್ರ, “ಅವನು ಚೆಂಡು ಹೊಡೆಯೋದಕ್ಕೆ ಮುಂಚೆನೇ ಹೊರಟಿರ್ತಾನೆ ನೋಡಮ್ಮಾ, ಫೀಲ್ಡಿಂಗ್‌ನಲ್ಲಿ. ಮೊದಲನೇ ಹೆಜ್ಜೆ ನೋಡು” ಅಂದರು. ಆಗಸ್ಟ್‌ನಲ್ಲಿ ಅವನನ್ನು ರೇಸ್ ಮೇಲಕ್ಕೆ ಕರೆಸಿಕೊಂಡಿತು. ಅಪ್ಪ ಅಷ್ಟೊತ್ತಿಗೆ ಊರಿಗೆ ಹೋಗಿದ್ದರು. ವಾಟ್ಸಾಪ್‌ನಲ್ಲಿ ತಿಳಿಸಿದೆ. “ಮೊದಲನೇ ಹೆಜ್ಜೆ” ಅಂತ ಎರಡೇ ಪದದ ಉತ್ತರ ಬಂತು.

ಆ ಎರಡು ಪದ ನನಗೆ ಬೇಕಾದದ್ದು ಆಫೀಸ್‌ನಲ್ಲಿ, ಕೆಲವು ತಿಂಗಳ ನಂತರ.

ನಮ್ಮ ಬೆಂಗಳೂರು ತಂಡದಲ್ಲಿ ಒಬ್ಬ ಹುಡುಗಿ ಇದ್ದಾಳೆ. ಕಾಲೇಜಿನಿಂದ ನೇರ ಬಂದವಳು, ಹಾಸನದ ಕಡೆಯವಳು. ಮೀಟಿಂಗಲ್ಲಿ ನನ್ನ ಹೆಸರು ಹಿಡಿದು ಕರೀತಾಳೆ, ಹೊರಗಡೆ 'ಅಕ್ಕಾ'. ಅವಳ ಮೆಂಟರ್ ನಾನು. ವರ್ಷದ ಕೊನೆಗೆ ಹೊಸಬರನ್ನು ಉಳಿಸಿಕೊಳ್ಳಬೇಕೋ ಬೇಡವೋ ಅಂತ ಚರ್ಚೆ ಬಂತು. ಉಳಿದವರ ಹೆಸರಿನ ಮುಂದೆ ಒಂದೊಂದು ಫೀಚರ್, ಒಂದೊಂದು ಡೆಮೊ ವಿಡಿಯೊ. ಇವಳ ಹೆಸರಿನ ಮುಂದೆ ಖಾಲಿ. “ಇವಳು ಏನು ಮಾಡಿದ್ದಾಳೆ, ತೋರಿಸಿ” ಅಂದರು ಒಬ್ಬ ಮ್ಯಾನೇಜರ್. ಕೆಟ್ಟ ಉದ್ದೇಶದಿಂದಲ್ಲ. ಅವರ ಮುಂದಿದ್ದ ಹಾಳೆಯಲ್ಲಿ ಕಾಲಮ್ ಇದ್ದದ್ದೇ ಹಾಗೆ.

ನಾನು ಎರಡು ಸಂಜೆ ಕೂತು ಹಳೆಯದನ್ನೆಲ್ಲ ತೆಗೆದೆ. ಬೇರೆಯವರ ಕೋಡ್ ನೋಡಿ ಅವಳು ಬರೆದ ಪ್ರಶ್ನೆಗಳು. “ಇದು ಎರಡು ಸಲ ಓಡಿದರೆ ಏನಾಗುತ್ತೆ?” “ಆ ಸರ್ವರ್ ಉತ್ತರ ಕೊಡದಿದ್ದರೆ?” ಅಂಥವು. ಅದರಿಂದ ಬದಲಾದ ಕೋಡ್. ಸುಮ್ಮಸುಮ್ಮನೆ ರಾತ್ರಿ ಕೂಗುತ್ತಿದ್ದ ಅಲರ್ಟ್‌ಗಳನ್ನು ಒಂದೊಂದಾಗಿ ಹುಡುಕಿ ಅವಳು ಸರಿ ಮಾಡಿದ್ದು. ಅವಳು ತಡೆದ ಪ್ರತಿಯೊಂದಕ್ಕೂ, ಅದೇ ಥರದ ತಪ್ಪು ಹಿಂದೆ ಯಾವಾಗ ತಡೆಯದೇ ಹೋಗಿತ್ತು, ಆಗ ಎಷ್ಟು ಹೊತ್ತು ಸೈಟ್ ಬಿದ್ದಿತ್ತು ಅಂತ ಪಕ್ಕದಲ್ಲಿ ಬರೆದೆ. ಕ್ಯಾಮೆರಾಗಳು ಶಾರ್ಟ್‌ಸ್ಟಾಪ್‌ಗೆ ಮಾಡೋದೂ ಇದೇ ತಾನೆ? ಆಗಬಹುದಾಗಿದ್ದದ್ದನ್ನು ಮೊದಲು ಅಳೆದು, ಆಮೇಲೆ ಆಗದೇ ಹೋದದ್ದಕ್ಕೆ ಅಂಕ ಕೊಡೋದು.

ಪವಾಡ ಏನೂ ಆಗಲಿಲ್ಲ. ಮ್ಯಾನೇಜರ್ ಪೂರ್ತಿ ಓದಿದರು. “ತಡೆಯೋದು ಬರುತ್ತೆ ಸರಿ, ಕಟ್ಟೋದು ಬರುತ್ತಾ?” ಅಂದರು. ನ್ಯಾಯವಾದ ಪ್ರಶ್ನೆ. ವಾಲ್ಸ್‌ನ .172 ನೋಡಿದವಳು ನಾನು, ಇಲ್ಲ ಅನ್ನೋಕಾಗಲಿಲ್ಲ. ರೇಟಿಂಗ್ ಮಧ್ಯಮಕ್ಕೆ ಬಂದು ನಿಂತಿತು. ಆದರೆ ಅವಳು ಉಳಿದಳು. ಜೊತೆಗೆ ಸ್ವತಂತ್ರವಾಗಿ ಕಟ್ಟೋಕೆ ಒಂದು ಚಿಕ್ಕ ಫೀಚರ್, ಆರು ತಿಂಗಳ ಸಮಯ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ನಮ್ಮ ಕಾಲದಲ್ಲಿ ಕೀಪರ್‌ಗೆ ಅಂತ ಯಾರೂ ಕಾಗದ ಬರೀತಿರಲಿಲ್ಲ ಬಿಡು” ಅಂದರು. ಬೇಜಾರೋ, ಖುಷಿಯೋ, ಗೊತ್ತಾಗಲಿಲ್ಲ. ತಕ್ಷಣ ಮಾತು ಬದಲಿಸಿ ತೆಂಗಿನಕಾಯಿ ರೇಟಿಗೆ ಹೋದರು.

ಮುಂದಿನ ಸಲ ನೀವು ಯಾವುದೇ ಮ್ಯಾಚ್ ನೋಡುವಾಗ, ಕ್ರಿಕೆಟ್ಟೇ ಆಗಲಿ, ಒಂದೇ ಒಂದು ಓವರ್ ಬ್ಯಾಟರ್‌ನನ್ನು ಬಿಟ್ಟು ಪಾಯಿಂಟ್‌ನಲ್ಲಿರುವವನನ್ನು ಮಾತ್ರ ನೋಡಿ. ಟಿವಿಯಲ್ಲಿ ಕಷ್ಟ, ಮೈದಾನದಲ್ಲಿ ಸುಲಭ. ಆರು ಎಸೆತಕ್ಕೂ ಅವನು ಮೊಣಕಾಲು ಬಗ್ಗಿಸ್ತಾನೆ, ಎರಡು ಹೆಜ್ಜೆ ಮುಂದೆ ಬರ್ತಾನೆ. ಬಹುಶಃ ಆರಕ್ಕೆ ಆರೂ ಸಲ ಚೆಂಡು ಅವನ ಕಡೆ ಬರಲ್ಲ. ಮತ್ತೆ ಬಗ್ಗಿಸ್ತಾನೆ.

ಅಂದ ಹಾಗೆ, ಹಾಸನದ ಹುಡುಗಿಯ ಫೀಚರ್ ಬರೋ ಗುರುವಾರ ಲೈವ್ ಆಗ್ತಾ ಇದೆ. ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದಕ್ಕೆ. “ಅವತ್ತು ಆನ್‌ಕಾಲ್ ಯಾರಮ್ಮಾ?” ಅಂತ ಕೇಳಿದೆ.

“ನೀವೇ ಅಕ್ಕಾ” ಅಂದಳು.